ಮರೆವಿನ ದೂರಿಗೆ ನಡಿಗೆ: ನಾನು ಅನುಸರಿಸುವ ಕ್ರಮ

ಹಿರಿಯರಿಗೆ ಮರೆವು ಶುರುವಾದರೆ ಮನೆಯವರು ಮೊದಲು ಕೇಳುವುದು ಜೀನ್ ಪರೀಕ್ಷೆಯ ಬಗ್ಗೆ. ನಡಿಗೆಯ ಕ್ರಮ ಹಾಕಿಕೊಡಲು ಆ ವರದಿ ಬೇಕಿಲ್ಲ. ಆ ಪರೀಕ್ಷೆಯಲ್ಲಿ ನೋಡುವ ಎಪಿಒಇ (APOE) ಜೀನ್ 19ನೇ ಕ್ರೋಮೋಸೋಮಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಇ4 ಎಂಬ ಬಗೆಯ ಒಂದು ಪ್ರತಿ ಇದ್ದರೆ ಮರೆವಿನ ರೋಗವಾದ ಅಲ್ಝೈಮರ್‌ನ ಅಪಾಯ ಸುಮಾರು ಎರಡು-ಮೂರು ಪಟ್ಟು, ಎರಡಿದ್ದರೆ ಇನ್ನೂ ಹೆಚ್ಚು. ಹಾಗೆಂದು ಇ4 ಇದ್ದವರಿಗೆಲ್ಲ ರೋಗ ಬರುವುದಿಲ್ಲ, ಇಲ್ಲದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಫಿನ್ಲೆಂಡಿನ ಫಿಂಗರ್ ಅಧ್ಯಯನದಲ್ಲಿ 60ರಿಂದ 77 ವರ್ಷದ 1260 ಜನರಿದ್ದರು. ವ್ಯಾಯಾಮ, ಆಹಾರ, ಮಿದುಳಿನ ಅಭ್ಯಾಸ, ರಕ್ತದೊತ್ತಡದಂಥ ಅಪಾಯಗಳ ಹತೋಟಿ, ಎಲ್ಲವನ್ನೂ ಎರಡು ವರ್ಷ ಒಟ್ಟಿಗೆ ನಡೆಸಿದಾಗ ಇ4 ಇದ್ದವರಿಗೂ ಪ್ರಯೋಜನ ಕಂಡಿತು. ವರದಿ ಏನೇ ಬಂದರೂ ಹೇಳುವ ಸಲಹೆ ಒಂದೇ ಆಗಿರುವುದರಿಂದ, ವರದಿ ನೋಡಿ ಕೈಚೆಲ್ಲಿ ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಡಿಗೆಗೆ ನಾನು ಆಧಾರವಾಗಿಟ್ಟುಕೊಂಡಿರುವುದು 2011ರಲ್ಲಿ ಪ್ರಕಟವಾದ, 120 ಹಿರಿಯರ ಮೇಲೆ ನಡೆದ ಅಧ್ಯಯನ. ವಾರಕ್ಕೆ 3 ದಿನ, 40 ನಿಮಿಷದಂತೆ ಒಂದು ವರ್ಷ ಬಿರುಸಾಗಿ ನಡೆದವರಲ್ಲಿ, ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗದ ಗಾತ್ರ ಸುಮಾರು ಶೇ. 2 ಹೆಚ್ಚಿತು. ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಅದು ಸುಮಾರು ಶೇ. 1.4 ಕುಗ್ಗಿತು.

ಮೊದಲ ವಾರ 10 ನಿಮಿಷ ಸಾಕು. ವಾರಕ್ಕೆ 5 ನಿಮಿಷ ಏರಿಸುತ್ತ ಹೋದರೆ ಏಳನೇ ವಾರಕ್ಕೆ 40 ಆಗುತ್ತದೆ. ವೇಗವನ್ನು ನಾಡಿಯಿಂದ ಗೊತ್ತುಮಾಡುತ್ತೇನೆ. 70 ವರ್ಷದವರೆಂದುಕೊಳ್ಳಿ: 220ರಲ್ಲಿ 70 ಕಳೆದರೆ 150, ಇದು ಅಂದಾಜು ಗರಿಷ್ಠ. ಬೆಳಿಗ್ಗೆ ಏಳುವ ಮುನ್ನ ನಾಡಿ 70 ಇದ್ದರೆ ನಡುವಿನ ಅಂತರ 80. ಅದರ ಶೇ. 50-60ನ್ನು ಮತ್ತೆ 70ಕ್ಕೆ ಕೂಡಿಸಿದರೆ 110ರಿಂದ 118. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿದರೆ 28-29 ಬಡಿತ ಸಿಗಬೇಕು. 40 ನಿಮಿಷಕ್ಕೆ ಒಗ್ಗಿದ ಮೇಲೆ ಶೇ. 60-75, ಅಂದರೆ 30ರಿಂದ 32. ನಿಂತ ಕೂಡಲೇ ಎಣಿಸಬೇಕು; ಒಂದು ನಿಮಿಷ ಬಿಟ್ಟರೆ ನಾಡಿ ಇಳಿದು ಲೆಕ್ಕ ತಪ್ಪುತ್ತದೆ.

ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ನಡೆಯುವುದಿಲ್ಲ, ಎಷ್ಟು ಬಿರುಸಾಗಿ ನಡೆದರೂ ಮಾತ್ರೆ ನಾಡಿಯನ್ನು ಅಷ್ಟಾಗಿ ಏರಗೊಡುವುದಿಲ್ಲ. ನಾಡಿಯ ಬೆನ್ನು ಹತ್ತಿದರೆ ಹೃದಯಕ್ಕೆ ಅತಿಯಾಗುತ್ತದೆ. ಅಂಥವರಿಗೆ ಮಾತೇ ಅಳತೆ: ನಡೆಯುತ್ತ ಒಂದು ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು. ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಹೃದ್ರೋಗ ಇರುವವರು ಶುರುಮಾಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬೀಳುವ ಭಯ ಇರುವವರಿಗೆ ಮೊದಲು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದು.

ಬಹಳ ಜನ ಎಡವುವುದು ನೆನಪನ್ನು ಅಳೆಯುವಲ್ಲಿ. ಹತ್ತು ಪದ ಓದಿ ತಕ್ಷಣ ಹೇಳಿಸಿದರೆ ಸಾಲದು; 20 ನಿಮಿಷ ಬೇರೆ ಮಾತಾಡಿಸಿ ಮತ್ತೆ ಕೇಳಿದಾಗ ಉಳಿದಿರುವ ಪದಗಳೇ ಮುಖ್ಯ. ಆ ನಡುವೆ ಬೇರೆ ಪದಗಳ ಪರೀಕ್ಷೆ ಇಡಬಾರದು, ಎರಡೂ ಬೆರೆತುಹೋಗುತ್ತವೆ. ಮುಂದಿನ ಸಲ ಅದೇ ಪಟ್ಟಿ ಕೊಟ್ಟರೆ ಅಂಕ ಏರುವುದು ಅಭ್ಯಾಸಬಲದಿಂದ, ನಡಿಗೆಯಿಂದಲ್ಲ. ಅಷ್ಟೇ ಕಷ್ಟದ ಬೇರೆ ಪಟ್ಟಿ, ದಿನದ ಅದೇ ಹೊತ್ತು, ಆರು ತಿಂಗಳ ಅಂತರ ಇರಲಿ. ಕಿವಿಯ ಯಂತ್ರ ಹಾಕದೆ ಬಂದವರ ಅಂಕವನ್ನು ನಾನು ಬರೆದುಕೊಳ್ಳುವುದಿಲ್ಲ. ಕೇಳಿಸದ ಪದ ಮರೆತ ಪದವಲ್ಲ. ಕ್ರಮವಾಗಿ ನಡೆದೂ ಅಂಕ ಬೇಗ ಇಳಿಯುತ್ತಿದ್ದರೆ ಬಿ12, ಥೈರಾಯ್ಡ್, ಖಿನ್ನತೆ ಮತ್ತು ನಿದ್ರೆ ಮಾತ್ರೆಗಳನ್ನು ಮೊದಲು ನೋಡಿಸುತ್ತೇನೆ. ಇವುಗಳಿಂದ ಬಂದ ಮರೆವು ಎಷ್ಟೋ ಸಲ ಚಿಕಿತ್ಸೆಗೆ ಬಗ್ಗುತ್ತದೆ.