ಕೆಲಸದ ಜೊತೆಗೆ ಡಿಗ್ರಿ: ದುಡ್ಡು ಕಟ್ಟುವ ಮೊದಲು ಇಷ್ಟು ನೋಡಿಕೊಳ್ಳಿ

ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆಧಾರ್ ಪ್ರಿಂಟು, ಕರೆಂಟ್ ಬಿಲ್ಲು, ಆನ್‌ಲೈನ್ ಅರ್ಜಿ ಎಲ್ಲಾ ಮಾಡಿಕೊಡುತ್ತೇನೆ. ಜನವರಿಯಲ್ಲಿ ಒಂದು ಸಲ, ಜುಲೈನಲ್ಲಿ ಇನ್ನೊಂದು ಸಲ ಬೇರೆ ಥರದ ಗಿರಾಕಿಗಳು ಬರುತ್ತಾರೆ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದವರು, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ಹೆಂಗಸರು, ಕ್ಯಾಬ್ ಓಡಿಸುವವರು, ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ತಾವೂ ಓದಬೇಕು ಅನ್ನಿಸಿದ ತಾಯಂದಿರು. ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಡಿಗ್ರಿ ಕಟ್ಟಬೇಕು. ಯಾವುದು ಈಸಿ?"

ನಾನೂ ಮದುವೆಯಾಗಿ, ಮಗ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ದೂರಶಿಕ್ಷಣದಲ್ಲೇ ಬಿ.ಕಾಂ. ಮುಗಿಸಿದವಳು. ಅವರ ಆಸೆ ನನಗೆ ಚೆನ್ನಾಗಿ ಗೊತ್ತು. ಆದರೂ ಆ ಪ್ರಶ್ನೆಗೆ ಹಾಗೇ ಉತ್ತರ ಕೊಡುವುದಿಲ್ಲ. ಸೇರುವುದು ಎಲ್ಲಾ ಕಡೆ ಈಸಿ. ಫೀಸು ಕಟ್ಟಿ, ಪುಸ್ತಕ ತರಿಸಿಕೊಂಡು, ಎರಡನೇ ವರ್ಷಕ್ಕೆ ಬಿಟ್ಟುಬಿಟ್ಟವರು ನಮ್ಮ ರಸ್ತೆಯಲ್ಲೇ ಎಷ್ಟೋ ಜನ ಇದ್ದಾರೆ. ಅರ್ಧ ಆದ ಡಿಗ್ರಿಗೆ ಯಾವ ಕಂಪನಿಯೂ ಸಂಬಳ ಏರಿಸುವುದಿಲ್ಲ. ಆದ್ದರಿಂದ ನೀವು ಮುಗಿಸಬಲ್ಲ, ಮುಗಿಸಿದ ಮೇಲೆ ಕೆಲಸಕ್ಕೆ ಬರುವ ಕೋರ್ಸ್ ಯಾವುದು ಅಂತ ನೋಡಿ.

ಮೊದಲು: ಯಾತಕ್ಕೆ ಬೇಕು?

ಪ್ರಮೋಷನ್‌ಗೆ ಬೇಕೆಂದರೆ ಆಫೀಸಿನ ಎಚ್‌ಆರ್ ಹತ್ತಿರ ಹೋಗಿ ನಿಯಮ ಏನಿದೆ ಅಂತ ಕೇಳಿ. ಬಾಯಿಮಾತು ಬೇಡ, ಬರಹದಲ್ಲಿ ನೋಡಿ. ಸರ್ಕಾರಿ ಪರೀಕ್ಷೆಗಾದರೆ ಹಳೆಯ ಅಧಿಸೂಚನೆಯೊಂದನ್ನು ಪ್ರಿಂಟ್ ತೆಗೆಸಿ ವಿದ್ಯಾರ್ಹತೆಯ ಸಾಲನ್ನು ಓದಿ. "ಯಾವುದೇ ಪದವಿ" ಅಂತಿದ್ದರೆ ನಿಮಗೆ ಇಷ್ಟವಾದ ವಿಷಯ ತೆಗೆದುಕೊಳ್ಳಬಹುದು. ಅಕೌಂಟ್ಸ್ ಕೆಲಸಕ್ಕೆ ಬಿ.ಕಾಂ. ಕೇಳಿದ್ದರೆ ಬಿ.ಎ. ಮಾಡಿ ಪ್ರಯೋಜನವಿಲ್ಲ. ಈಗಾಗಲೇ ಸರ್ಕಾರಿ ನೌಕರಿಯಲ್ಲಿ ಇರುವವರು ಸೇರುವ ಮೊದಲೇ ಇಲಾಖೆಯ ಅನುಮತಿ ಪತ್ರ ತೆಗೆದುಕೊಳ್ಳಿ. ಆಮೇಲೆ ಸರ್ವಿಸ್ ಪುಸ್ತಕಕ್ಕೆ ಡಿಗ್ರಿ ಸೇರಿಸುವಾಗ ಅದನ್ನೇ ಕೇಳುತ್ತಾರೆ.

ಕೆಲವು ಡಿಗ್ರಿಗಳು ದೂರಶಿಕ್ಷಣದಲ್ಲಿ ಇಲ್ಲವೇ ಇಲ್ಲ. ಪೀಣ್ಯದ ಡಿಪ್ಲೊಮಾ ಹುಡುಗರು "ಡಿಸ್ಟೆನ್ಸ್‌ನಲ್ಲಿ ಬಿ.ಇ. ಮಾಡಿಸುತ್ತಾರಂತೆ" ಅಂತ ಪಾಂಪ್ಲೆಟ್ ಹಿಡಿದುಕೊಂಡು ಬರುತ್ತಾರೆ. ದಯವಿಟ್ಟು ಅದಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಇಂಜಿನಿಯರಿಂಗನ್ನು ಅಂಚೆ ಮೂಲಕ ಕಲಿಸಲು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ಹೇಳಿದೆ. ಆ ತೀರ್ಪಿನಿಂದ ಹಿಂದೆ ಡಿಗ್ರಿ ಪಡೆದು ಕೆಲಸದಲ್ಲಿದ್ದವರೂ ಕಷ್ಟಕ್ಕೆ ಸಿಕ್ಕಿಕೊಂಡರು. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕಾನೂನು ಇವೂ ಅದೇ ಪಟ್ಟಿಯಲ್ಲಿವೆ. 2025ರ ಜುಲೈ–ಆಗಸ್ಟ್ ಸಾಲಿನಿಂದ ಸೈಕಾಲಜಿ, ನ್ಯೂಟ್ರಿಷನ್, ಮೈಕ್ರೋಬಯಾಲಜಿಯಂಥ ಆರೋಗ್ಯಕ್ಕೆ ಸಂಬಂಧಿಸಿದ ಕೋರ್ಸ್‌ಗಳನ್ನೂ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಕೊಡಬಾರದು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ, ಹೇಳಿತು. ಹಳೆಯ ವಿಡಿಯೋ ನೋಡಿಕೊಂಡು ಬರುವವರಿಗೆ ಇದು ಗೊತ್ತಿರುವುದಿಲ್ಲ.

ಪಿಯುಸಿ ಆಗಿಲ್ಲದವರಿಗೆ ಒಂದು ಮಾತು. "ಹದಿನೆಂಟು ವರ್ಷ ಆಗಿದ್ದರೆ ಸಾಕು, ನೇರ ಡಿಗ್ರಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಪಿಯುಸಿ ಮುಗಿಸಿ. ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಇಲ್ಲವೇ ಎನ್‌ಐಒಎಸ್ ಅನ್ನುವ ಕೇಂದ್ರದ ಮುಕ್ತ ಶಾಲೆಯ ಹನ್ನೆರಡನೇ ತರಗತಿ ಮಾಡಬಹುದು. ಸ್ವಲ್ಪ ತಡವಾಗುತ್ತದೆ, ನಿಜ. ಆದರೆ ಮಾರ್ಕ್ಸ್ ಕಾರ್ಡ್‌ಗಳ ಸಾಲಿನಲ್ಲಿ ಒಂದು ಬಿಟ್ಟುಹೋಗಿದ್ದರೆ ಮುಂದೆ ಕೆಲಸದ ದಾಖಲೆ ಪರಿಶೀಲನೆಯಲ್ಲಿ ಪೇಚಾಟ ತಪ್ಪಿದ್ದಲ್ಲ.

ಮಾನ್ಯತೆ: ವಿವಿ ಹೆಸರು ಒಂದೇ ಸಾಲದು

ಯುಜಿಸಿಯಲ್ಲಿ ದೂರಶಿಕ್ಷಣವನ್ನು ನೋಡಿಕೊಳ್ಳುವ ವಿಭಾಗವನ್ನು ಡಿಇಬಿ ಅನ್ನುತ್ತಾರೆ. ಅದರ ವೆಬ್‌ಸೈಟಿನಲ್ಲಿ ಯಾವ ವಿಶ್ವವಿದ್ಯಾಲಯ ಯಾವ ಕೋರ್ಸನ್ನು ಯಾವ ಸಾಲಿನಲ್ಲಿ ನಡೆಸಬಹುದು ಅಂತ ಪಟ್ಟಿ ಇರುತ್ತದೆ. ಮೂರೂ ಕೂಡಬೇಕು: ನಿಮ್ಮ ವಿವಿ, ನಿಮ್ಮ ಕೋರ್ಸ್, ನೀವು ಸೇರುವ ಸಾಲು. ವಿವಿ ಹೆಸರು ಕಂಡಿತು ಅಂತ ಪುಟ ಮುಚ್ಚಬೇಡಿ. ಅದೇ ವಿವಿಯ ಎಂ.ಬಿ.ಎ.ಗೆ ಅನುಮತಿ ಇದ್ದು ಎಂ.ಎಸ್ಸಿ.ಗೆ ಇಲ್ಲದಿರಬಹುದು. ಆ ಪುಟದ ಪ್ರಿಂಟ್ ತೆಗೆದು ದಿನಾಂಕ ಬರೆದು ಇಟ್ಟುಕೊಳ್ಳಿ.

ಇಷ್ಟೊಂದು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕರ್ನಾಟಕದವರು ಇದನ್ನು ಅನುಭವಿಸಿದ್ದಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013–14ರಿಂದ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಪ್ರಕಟಿಸಿತು. ವಿವಿ ಸರ್ಕಾರದ್ದೇ, ಆದರೂ ಆ ವರ್ಷಗಳಲ್ಲಿ ಸೇರಿದ ಮಕ್ಕಳು ಪರದಾಡಿದರು. 2018–19ರಿಂದ ಮತ್ತೆ ಮಾನ್ಯತೆ ಸಿಕ್ಕಿತು, ಈಗ ನಮ್ಮ ಕಡೆಯವರು ಜಾಸ್ತಿ ಸೇರುವುದು ಅಲ್ಲಿಗೇ. ನಾನೂ ಧೈರ್ಯವಾಗಿ ಹೇಳುತ್ತೇನೆ. ಆದರೆ ಪ್ರತಿ ಸಾಲಿನಲ್ಲೂ ಪಟ್ಟಿ ನೋಡಿಯೇ ಹೇಳುತ್ತೇನೆ.

ಇನ್ನೊಂದು ವಿಷಯ. ರಾಜ್ಯದ ವಿವಿಗಳು ದೂರಶಿಕ್ಷಣವನ್ನು ತಮ್ಮ ರಾಜ್ಯದೊಳಗೆ ಮಾತ್ರ ನಡೆಸಬೇಕು. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಕೇಂದ್ರದ್ದು, ಅದು ದೇಶದ ತುಂಬಾ ಇದೆ, ಬೆಂಗಳೂರಿನಲ್ಲೂ ಪ್ರಾದೇಶಿಕ ಕೇಂದ್ರವಿದೆ. ಆದರೆ ಎಲ್ಲೋ ಉತ್ತರದ ರಾಜ್ಯದ ವಿವಿಯ "ಸ್ಟಡಿ ಸೆಂಟರ್" ಅಂತ ಇಲ್ಲಿ ಯಾವುದೋ ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ ಬೋರ್ಡ್ ಕಂಡರೆ ಒಳಗೆ ಹೋಗಲೇಬೇಡಿ. ದೂರಶಿಕ್ಷಣದಲ್ಲಿ ಫ್ರಾಂಚೈಸಿಗೆ ಅವಕಾಶವೇ ಇಲ್ಲ. "ಒಂದೇ ವರ್ಷದಲ್ಲಿ ಡಿಗ್ರಿ", "ಪರೀಕ್ಷೆ ನಾವು ನೋಡಿಕೊಳ್ಳುತ್ತೇವೆ" ಅನ್ನುವವರ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ ಅಲ್ವಾ? ಫೀಸು ಯಾವಾಗಲೂ ವಿವಿಯ ವೆಬ್‌ಸೈಟಿನಲ್ಲೇ ಕಟ್ಟಿ. ಯಾರದೋ ಫೋನ್‌ಪೇ ನಂಬರಿಗೆ ಬೇಡ.

ಮಾನ್ಯತೆ ಸರಿಯಾಗಿದ್ದರೆ ಹಿಂಜರಿಕೆ ಬೇಡ. ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಇಂಟರ್‌ವ್ಯೂನಲ್ಲಿ ತಲೆತಗ್ಗಿಸಬೇಕಾದ ವಿಷಯ ಅಲ್ಲ ಇದು.

ನಿಮ್ಮ ವಾರದಲ್ಲಿ ಎಷ್ಟು ಗಂಟೆ ಇದೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಯಾರೂ ಲೆಕ್ಕ ಹಾಕದೇ ಇರುವುದೂ ಇದನ್ನೇ.

ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಓದುವುದು, ಅಸೈನ್‌ಮೆಂಟ್ ಬರೆಯುವುದು, ಸಂಪರ್ಕ ತರಗತಿ ಎಲ್ಲಾ ಸೇರಿ. ಒಂದು ಸಬ್ಜೆಕ್ಟ್ ಸಾಮಾನ್ಯವಾಗಿ 4 ಕ್ರೆಡಿಟ್, ಅಂದರೆ 120 ಗಂಟೆ. ಆರು ತಿಂಗಳ ಸೆಮಿಸ್ಟರಿಗೆ ಹಂಚಿದರೆ ವಾರಕ್ಕೆ ನಾಲ್ಕೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಐದು ಸಬ್ಜೆಕ್ಟ್ ಇದ್ದರೆ ವಾರಕ್ಕೆ 23 ಗಂಟೆ. ಇದು ಪುಸ್ತಕದ ಲೆಕ್ಕ. ಎಲ್ಲರೂ ಅಷ್ಟು ಓದುವುದಿಲ್ಲ, ನಾನೂ ಓದಲಿಲ್ಲ. ಆದರೆ ಅದರ ಅರ್ಧವಾದರೂ ಸಿಗುತ್ತದೆಯೇ?

ಅಂಗಡಿಯಲ್ಲಿ ನಾನು ಒಂದು ಕೆಲಸ ಮಾಡಿಸುತ್ತೇನೆ. ಕೆಟ್ಟುಹೋದ ಝೆರಾಕ್ಸ್ ಹಾಳೆಯ ಹಿಂದೆ ಏಳು ಗೆರೆ ಎಳೆದು ವಾರ ಬರೆಯಲು ಹೇಳುತ್ತೇನೆ. ಹೋದ ಸಲ ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಒಬ್ಬರು ಹೀಗೆ ಕೂತು ಬರೆದರು. ಬೆಳಿಗ್ಗೆ ಐದಕ್ಕೆ ನೀರು, ಅಡುಗೆ, ಡಬ್ಬಿ. ಎಂಟೂವರೆಗೆ ಫ್ಯಾಕ್ಟರಿ. ಸಂಜೆ ಆರೂವರೆಗೆ ಮನೆ. ಎಂಟರವರೆಗೆ ಮತ್ತೆ ಅಡುಗೆ. ಭಾನುವಾರ ಬಟ್ಟೆ, ರೇಷನ್ನು, ಅತ್ತೆಯ ಆಸ್ಪತ್ರೆ. ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ರಾತ್ರಿ ಒಂಬತ್ತರಿಂದ ಹತ್ತು ಅಂತ ನಾಲ್ಕು ದಿನಕ್ಕೆ ಬರೆದು, ಭಾನುವಾರ ಮಧ್ಯಾಹ್ನ ಮೂರು ಗಂಟೆ ಸೇರಿಸಿದರು. ಒಟ್ಟು ಏಳು ಗಂಟೆ. ಅವರಿಗೆ ಹೇಳಿದೆ: ಅಕ್ಕಾ, ನೀವು ಮೂರು ವರ್ಷಕ್ಕೇ ಮುಗಿಸುತ್ತೇನೆ ಅಂತ ಹಟ ಹಿಡಿಯಬೇಡಿ. ಮುಗಿಸಲು ಜಾಸ್ತಿ ವರ್ಷ ಕೊಡುವ ವಿವಿ ನೋಡಿ, ಒಂದು ಸಲಕ್ಕೆ ಎರಡೋ ಮೂರೋ ಸಬ್ಜೆಕ್ಟ್ ಗಟ್ಟಿ ಮಾಡಿಕೊಂಡು ಪರೀಕ್ಷೆ ಬರೆಯಿರಿ. ಇಗ್ನೋದ ಮೂರು ವರ್ಷದ ಬಿ.ಎ. ಮುಗಿಸಲು ಆರು ವರ್ಷದವರೆಗೆ ಅವಕಾಶವಿರುತ್ತದೆ. ಹೀಗೆ ಮುಗಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಾ ಸಬ್ಜೆಕ್ಟನ್ನೂ ಒಟ್ಟಿಗೆ ಕಟ್ಟಿ, ಮೊದಲ ಸಲವೇ ನಾಲ್ಕರಲ್ಲಿ ಫೇಲಾಗಿ ಬಿಟ್ಟವರೇ ಜಾಸ್ತಿ.

ಸೇರುವ ಮೊದಲೇ ಪುಸ್ತಕ ಓದಿ ನೋಡಬಹುದು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಇಗ್ನೋದ ಪಠ್ಯವೆಲ್ಲಾ ಇಜ್ಞಾನಕೋಶ ಅನ್ನುವ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಸಬ್ಜೆಕ್ಟಿನ ಮೊದಲ ಪಾಠದ ಪ್ರಿಂಟ್ ತೆಗೆಸಿ, ಒಂದು ವಾರ ನಿಮ್ಮ ಹೊಸ ಟೈಮ್‌ಟೇಬಲ್ ಪ್ರಕಾರ ಓದಿ. ತಲೆಗೆ ಹತ್ತುತ್ತದೆಯೋ, ನಿದ್ದೆ ಎಳೆಯುತ್ತದೆಯೋ, ಮನೆಯವರು ಆ ಒಂದು ಗಂಟೆ ಬಿಡುತ್ತಾರೋ ಎಲ್ಲಾ ಗೊತ್ತಾಗುತ್ತದೆ.

ಭಾಷೆಯ ಪ್ರಶ್ನೆಯೂ ಅಲ್ಲೇ ಬಗೆಹರಿಯುತ್ತದೆ. ಇಗ್ನೋದ ಪಠ್ಯ ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಬೇಕು ಅನ್ನುವವರಿಗೆ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ., ಬಿ.ಕಾಂ. ಒಳ್ಳೆಯದು. ಕನ್ನಡ ಮಾಧ್ಯಮ ತೆಗೆದುಕೊಂಡರೆ ಕೀಳು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಥವಾಗುವ ಭಾಷೆಯಲ್ಲಿ ಓದಿದ್ದು ಪರೀಕ್ಷೆಯ ದಿನ ನೆನಪಿರುತ್ತದೆ.

ಪರೀಕ್ಷೆ ಮತ್ತು ರಜೆ

ಕೆಲಸಕ್ಕೆ ಹೋಗುವವರು ಎಡವುವುದು ಪರೀಕ್ಷೆಯ ಸಮಯದಲ್ಲಿ. ಪರೀಕ್ಷೆಗಳು ಭಾನುವಾರವೇ ಇರುತ್ತವೆ ಅಂದುಕೊಳ್ಳಬೇಡಿ, ವಾರದ ಮಧ್ಯೆಯೂ ಇರುತ್ತವೆ. ಇಗ್ನೋದಲ್ಲಿ ಜೂನ್ ಮತ್ತು ಡಿಸೆಂಬರ್ ಪರೀಕ್ಷೆಯ ತಿಂಗಳು. ಹಿಂದಿನ ವರ್ಷದ ವೇಳಾಪಟ್ಟಿ ತೆಗೆದು ನಿಮ್ಮ ಸಬ್ಜೆಕ್ಟಿಗೆ ಎಷ್ಟು ದಿನ ರಜೆ ಬೇಕಾಗಿತ್ತು ಅಂತ ಎಣಿಸಿ. ನಿಮ್ಮ ಕಂಪನಿಯಲ್ಲಿ ಅರ್ಜೆಂಟ್ ಆರ್ಡರ್ ಬರುವ ತಿಂಗಳೂ ಅದೇ ಆಗಿದ್ದರೆ ಈಗಲೇ ಮ್ಯಾನೇಜರ್ ಹತ್ತಿರ ಮಾತಾಡಿ. ಅಸೈನ್‌ಮೆಂಟ್ ಬಿಡಬೇಡಿ, ಇಗ್ನೋದ ಬಿ.ಎ., ಬಿ.ಕಾಂ.ನಲ್ಲಿ 30 ಪರ್ಸೆಂಟ್ ತೂಕ ಅದಕ್ಕೇ ಇದೆ. ಅಷ್ಟನ್ನು ಮನೆಯಲ್ಲಿ ಕೂತು ಸಂಪಾದಿಸಬಹುದು.

ಪರೀಕ್ಷಾ ಕೇಂದ್ರ ಆರಿಸುವಾಗ ನಿಮ್ಮ ಮನೆಯಿಂದ ಬೆಳಿಗ್ಗೆ ಹತ್ತಕ್ಕೆ ಮುಟ್ಟಬಹುದಾದ್ದನ್ನು ನೋಡಿ. ನಾಗಸಂದ್ರದಿಂದ ಮೆಟ್ರೋ ಹಿಡಿದರೆ ಜಯನಗರ ದೂರವೇನಲ್ಲ. ಆದರೆ ಸಿಲ್ಕ್ ಬೋರ್ಡ್ ದಾಟಿ ಬಸ್ಸಿನಲ್ಲಿ ಹೋಗಬೇಕಾದ ಕೇಂದ್ರವಾದರೆ ಪರೀಕ್ಷೆ ಶುರುವಾಗುವ ಮೊದಲೇ ಸುಸ್ತಾಗಿರುತ್ತೀರಿ.

ಇನ್ನು ಖಾಸಗಿ ವಿವಿಗಳ ಆನ್‌ಲೈನ್ ಡಿಗ್ರಿ. ಇವಕ್ಕೆ ರಾಜ್ಯದ ಗಡಿ ಇಲ್ಲ. ಡಿಇಬಿ ಪಟ್ಟಿಯಲ್ಲಿದ್ದರೆ ಮಾನ್ಯವೇ. ಐಟಿಯಲ್ಲಿ ಇರುವವರಿಗೆ ಅನುಕೂಲ. ಆದರೆ ಫೀಸು ಬಹಳ ಜಾಸ್ತಿ, ಫೋನ್ ಮಾಡುವ ಕೌನ್ಸೆಲರ್‌ಗಳು ಇಎಂಐ ಅಂತ ಹೇಳಿ ಸಾಲಕ್ಕೆ ಸಹಿ ಹಾಕಿಸುತ್ತಾರೆ. ಓದು ಬಿಟ್ಟರೂ ಸಾಲ ಬಿಡುವುದಿಲ್ಲ. "ಇವತ್ತೇ ಲಾಸ್ಟ್ ಡೇಟ್" ಅಂದವರಿಗೆ "ನಾಳೆ ಹೇಳುತ್ತೇನೆ" ಅನ್ನಿ. ಮುಕ್ತ ವಿವಿಗಳಲ್ಲಿ ಎಷ್ಟೋ ಕಡಿಮೆಯಲ್ಲಿ ಆಗುತ್ತದೆ. ಕ್ಯಾಬ್, ಆಟೋ ಓಡಿಸುವವರಿಗೆ, ಬಿಎಂಟಿಸಿ ನೌಕರರಿಗೆ ಮೈಸೂರಿನ ಮುಕ್ತ ವಿವಿ ರಿಯಾಯಿತಿಯನ್ನೂ ಕೊಟ್ಟಿದೆ. ಈ ಸಾಲಿಗೆ ಇದೆಯೇ ಅಂತ ಕೇಳಿ.

ಹೆಸರು ಸರಿ ಇದೆಯಾ ನೋಡಿ

ಅರ್ಜಿ ಹಾಕುವ ದಿನ ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲಿ. 2024ರಿಂದ ದೂರಶಿಕ್ಷಣ, ಆನ್‌ಲೈನ್ ಎರಡಕ್ಕೂ ಡಿಇಬಿ ಐಡಿ ಬೇಕು. ಅದಕ್ಕೆ ಎಬಿಸಿ ಐಡಿ (ನಿಮ್ಮ ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆಯ ನಂಬರು) ಬೇಕು, ಎಬಿಸಿ ಐಡಿಗೆ ಡಿಜಿಲಾಕರ್, ಡಿಜಿಲಾಕರಿಗೆ ಆಧಾರ್. ಆಧಾರಿಗೆ ಕೊಟ್ಟ ಮೊಬೈಲ್ ನಂಬರು ಎಂದೋ ಬಂದ್ ಆಗಿದ್ದರೆ ಒಟಿಪಿಯೇ ಬರುವುದಿಲ್ಲ.

ನಮ್ಮಲ್ಲಿ ಇನಿಶಿಯಲ್‌ನದ್ದು ದೊಡ್ಡ ತಾಪತ್ರಯ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ "ಸವಿತಾ ಎಚ್ ಎಂ", ಆಧಾರಿನಲ್ಲಿ ಮದುವೆಯ ನಂತರ "ಸವಿತಾ ರಮೇಶ್". ಎರಡೂ ಒಬ್ಬರೇ ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡ್ ತಿದ್ದಿಸುವುದು ಕಷ್ಟ, ಆದ್ದರಿಂದ ಆಧಾರನ್ನೇ ಅದಕ್ಕೆ ಹೊಂದುವಂತೆ ಮಾಡಿಸಿ. ಆಧಾರಿನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ, ಹಾಗಾಗಿ ಪ್ರತಿ ಅಕ್ಷರ ನೋಡಿ ಕೊಡಿ. ಪ್ಯಾನ್, ಬ್ಯಾಂಕು, ಪಿಎಫ್‌ನಲ್ಲಿ ಯಾವ ಹೆಸರಿದೆ ಅಂತಲೂ ಆಗಲೇ ನೋಡಿಕೊಳ್ಳಿ. ಈ ಕೆಲಸಕ್ಕೆ ಅರ್ಜಿಯ ಕೊನೆಯ ದಿನಾಂಕಕ್ಕಿಂತ ಒಂದೆರಡು ತಿಂಗಳು ಮೊದಲೇ ಇಳಿಯಿರಿ.

ಸೀಟು ಸಿಕ್ಕಿದ ಮೇಲೆ ಒಂದು ಫೈಲ್ ಮಾಡಿ. ಅರ್ಜಿಯ ಪ್ರತಿ, ಫೀಸಿನ ರಸೀದಿ, ಐಡಿ ಕಾರ್ಡ್, ಅಸೈನ್‌ಮೆಂಟ್ ಒಪ್ಪಿಸಿದ ದಾಖಲೆ, ಹಾಲ್ ಟಿಕೆಟ್ ಎಲ್ಲಾ ಅದರಲ್ಲೇ ಇರಲಿ. ಅಂಕ ದಾಖಲಾಗಿಲ್ಲ ಅಂತ ದೂರು ಕೊಡಬೇಕಾದಾಗ ಆ ರಸೀದಿಯೇ ಸಾಕ್ಷಿ. ಮುಂದಿನ ವರ್ಷದ ಅಥವಾ ಸೆಮಿಸ್ಟರಿನ ಮರುನೋಂದಣಿಯ ದಿನಾಂಕವನ್ನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಹಿಂದಿನ ಪರೀಕ್ಷೆ ಬರೆದಿರದಿದ್ದರೂ, ರಿಸಲ್ಟ್ ಬಂದಿರದಿದ್ದರೂ ಇಗ್ನೋದಲ್ಲಿ ಮರುನೋಂದಣಿ ಮಾಡಿಸಲೇಬೇಕು. ಯಾರೂ ಮನೆಗೆ ಪತ್ರ ಬರೆದು ನೆನಪಿಸುವುದಿಲ್ಲ.