ಬೆಲ್ಲಕ್ಕೆ ಜಿಎಸ್‌ಟಿ ಎಷ್ಟು?

ಐದನೇ ಇಂಟರ್‌ವ್ಯೂ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ. ಬಯೋಡೇಟಾ ನೋಡಿದವರು, "ಮಂಡ್ಯದವ್ರಾ? ಹಂಗಾದ್ರೆ ಹೇಳಿ, ಬೆಲ್ಲಕ್ಕೆ ಜಿಎಸ್‌ಟಿ ಎಷ್ಟು?" ಅಂದರು. ನಮ್ಮ ಸೋದರಮಾವನದು ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲದ ಮಂಡಿ. ಅಚ್ಚು, ಬಕೆಟ್, ಕುರಿಕಾಟು, ಯಾವ ಬಗೆಯ ಬೆಲ್ಲ ಅಂತ ದೂರದಿಂದಲೇ ಹೇಳಬಲ್ಲೆ. ತೆರಿಗೆ ಗೊತ್ತಿರಲಿಲ್ಲ. "ಹದಿನೆಂಟು" ಅಂದುಬಿಟ್ಟೆ. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮನೆಗೆ ಬಂದಾಗ ಅವ್ವ, "ಏನಂದ್ರು ಮಗ?" ಅಂತು.

"ಫೋನ್ ಮಾಡ್ತಾರಂತೆ."

"ಬುಡು, ಉಣ್ಣು ಬಾ." ಐದು ಸಲ ಕೇಳಿದ ಮೇಲೆ ಅವ್ವನಿಗೂ ಆ ಮಾತಿನ ಅರ್ಥ ಗೊತ್ತಿತ್ತು.

ಪಾಸಿಟಿವ್ ಆಗಿರು ಅಂತ ಗೆಳತಿಯರೆಲ್ಲ ಹೇಳುತ್ತಿದ್ದರು. ಅದನ್ನು ಹೇಗೆ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಆ ಸಂಜೆ ಚೆನ್ನಾಗಿ ಅತ್ತೆ. ಬೆಳಿಗ್ಗೆ ಎದ್ದು ಮಾವನ ಹಳೇ ಲೆಡ್ಜರಿನ ಖಾಲಿ ಹಾಳೆಗಳಲ್ಲಿ ಐದೂ ಕಡೆ ಕೇಳಿದ ಪ್ರಶ್ನೆಗಳನ್ನು ನೆನಪಾದಷ್ಟು ಬರೆದೆ. ನನ್ನ ಇಂಗ್ಲಿಷ್ ಸಾಲದು, ಕಾಲೇಜಿನ ಹೆಸರು ಸಾಲದು ಅಂತ ಕೊರಗಿದ್ದೆನಲ್ಲ, ಹಾಳೆಯ ಮೇಲೆ ಬೇರೆಯೇ ಕಂಡಿತು. ತಡವರಿಸಿದ್ದೆಲ್ಲ ಎರಡೇ ವಿಷಯಕ್ಕೆ: ಜಿಎಸ್‌ಟಿ ಮತ್ತು ಬ್ಯಾಂಕ್ ರೀಕನ್ಸಿಲಿಯೇಷನ್, ಅಂದರೆ ನಮ್ಮ ಪುಸ್ತಕದ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವುದು. ಎರಡನ್ನೂ ಬಿಕಾಂನಲ್ಲಿ ಬಾಯಿಪಾಠ ಮಾಡಿ ಪಾಸಾಗಿದ್ದೆ.

ಮಾರನೇ ದಿನದಿಂದ ಮಂಡಿಯಲ್ಲಿ ಕೂತೆ. ಬಿಡಿ ಬೆಲ್ಲಕ್ಕೆ ತೆರಿಗೆಯೇ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ. 5. ಆ ಪ್ಯಾಕೆಟ್ ಮೈಸೂರಿಗೆ ಹೋದರೆ ಎರಡೂವರೆ ಕೇಂದ್ರದ ಪಾಲು ಸಿಜಿಎಸ್‌ಟಿ, ಎರಡೂವರೆ ರಾಜ್ಯದ ಪಾಲು ಎಸ್‌ಜಿಎಸ್‌ಟಿ; ಹೊಸೂರಿಗೆ ಹೋದರೆ ಪೂರ್ತಿ ಐಜಿಎಸ್‌ಟಿ, ಹೊರರಾಜ್ಯದ ಮಾರಾಟದ ತೆರಿಗೆ, ಯಾಕಂದ್ರೆ ಅದು ತಮಿಳುನಾಡು. ಬೆಲ್ಲದ ಲೆಕ್ಕದಲ್ಲಿ ಕಲಿತದ್ದು ಮರೆಯುವುದಿಲ್ಲ.

ರೀಕನ್ಸಿಲಿಯೇಷನ್ ಮಾತ್ರ ಜೀವ ತಿಂದಿತು. ಮಾವನ ಪುಸ್ತಕಕ್ಕಿಂತ ಬ್ಯಾಂಕಿನಲ್ಲಿ 12,400 ರೂಪಾಯಿ ಜಾಸ್ತಿ. ದಿನವಿಡೀ ಹುಡುಕಿದೆ. ಲಾರಿ ಬಾಡಿಗೆಗೆ ಕೊಟ್ಟ ಚೆಕ್ಕನ್ನು ಮಾವ ಪುಸ್ತಕದಲ್ಲಿ ಕಳೆದಿದ್ದರು, ಡ್ರೈವರ್ ಅದನ್ನು ಬ್ಯಾಂಕಿಗೇ ಹಾಕಿರಲಿಲ್ಲ!

ಕಲಿತದ್ದನ್ನು ರಾತ್ರಿ ಅವ್ವನಿಗೆ ಒಪ್ಪಿಸುತ್ತಿದ್ದೆ, ಬಾಯಿ ತಿರುಗಲಿ ಅಂತ. "ಕೊಂಡಾಗ ಕಟ್ಟಿದ ತೆರಿಗೇನ, ಮಾರಿದಾಗ ಬರೋ ತೆರಿಗೇಲಿ ಕಳೆದು ಮಿಕ್ಕಿದ್ದು ಕಟ್ಟೋದು. ಅದೇ ಇನ್‌ಪುಟ್ ಕ್ರೆಡಿಟ್."

"ಅಷ್ಟೇಯಾ? ಇದ್ಕೆ ಇಷ್ಟೊಂದು ಒದ್ದಾಡ್ದಾ?"

ಆರನೆಯದೂ ಸಿಗಲಿಲ್ಲ. ಈ ಸಲ ಕಾರಣ ಕೇಳಿ ಈಮೇಲ್ ಹಾಕಿದೆ. ಎರಡು ವರ್ಷ ಅನುಭವ ಇರುವವರು ಸಿಕ್ಕಿದರಂತೆ. ಅದಕ್ಕೆ ನಾನು ಓದಿ ಮಾಡುವಂಥದ್ದೇನಿಲ್ಲ. ಬರೆದುಕೊಂಡು ಪುಟ ಮಗುಚಿದೆ, ಅವತ್ತು ಅಳು ಬರಲಿಲ್ಲ.

ಏಳನೆಯದು ನಂಜನಗೂಡಿನಲ್ಲಿ. ಪುಸ್ತಕಕ್ಕೂ ಬ್ಯಾಂಕಿಗೂ ತಾಳೆಯಾಗದಿದ್ದರೆ ಏನು ಮಾಡ್ತೀರಿ ಅಂತ ಕೇಳಿದರು. ಲಾರಿ ಡ್ರೈವರಿನ ಕತೆ ಹೇಳಿದೆ.

"ಅವನು ಮೂರು ತಿಂಗಳಾದ್ರೂ ಚೆಕ್ ಹಾಕದಿದ್ರೆ?"

"ಚೆಕ್ ನಡೆಯಲ್ಲ ಸಾರ್. ಹಳೇ ಎಂಟ್ರಿ ರಿವರ್ಸ್ ಮಾಡಿ ಹೊಸ ಚೆಕ್ ಕೊಡ್ಬೇಕು."

"ಕೊನೆಗೆ ಹಾಕಿದ್ನಾ?"

"ಮಾವ ಎರಡು ಸಲ ಫೋನ್ ಮಾಡಿ ಬೈದ ಮೇಲೆ ಹಾಕ್ದ ಸಾರ್."

ಅವರು ನಕ್ಕರು. ಒಂದನೇ ತಾರೀಕಿನಿಂದ ಬನ್ನಿ ಅಂದರು.