ನಾಲ್ಕು ವಾರ, ಬೇರೆಯವರ ಎಮರ್ಜೆನ್ಸಿ ರೂಮಿನಲ್ಲಿ

"ನಿಮ್ಮ ಕಾಲೇಜಲ್ಲೇ ಆಸ್ಪತ್ರೆ ಇದೆಯಲ್ವಾ, ಮತ್ತೆ ಅಷ್ಟು ದೂರ ಯಾಕೆ ಹೋಗ್ತೀಯ?" ಎಂದು ಅಮ್ಮ ಕೇಳಿದ್ದರು. ಅಮೆರಿಕದಲ್ಲಿ ಎಮರ್ಜೆನ್ಸಿ ಮೆಡಿಸಿನ್ ರೆಸಿಡೆನ್ಸಿಗೆ, ಅಂದರೆ ವೈದ್ಯಕೀಯ ಪದವಿಯ ನಂತರದ ತಜ್ಞ ತರಬೇತಿಗೆ, ಅರ್ಜಿ ಹಾಕುವವರಿಗೆ 'ಸ್ಲೋ' (SLOE) ಎಂಬ ಮೌಲ್ಯಮಾಪನ ಪತ್ರ ಬೇಕು. ಹೆಸರಷ್ಟೇ ಸ್ಲೋ, ಅದಕ್ಕಾಗಿ ಓಡುವುದು ಮಾತ್ರ ಭಯಂಕರ ಜೋರು. ಪರಿಚಯದ ಪ್ರೊಫೆಸರ್ ಬರೆದುಕೊಡುವ ಹೊಗಳಿಕೆ ಅಲ್ಲ ಅದು. ಒಂದು ತಿಂಗಳು ನಮ್ಮ ಕೆಲಸ ನೋಡಿದ ವಿಭಾಗದವರು, ಉಳಿದ ವಿದ್ಯಾರ್ಥಿಗಳ ಪಕ್ಕದಲ್ಲಿ ನಮ್ಮನ್ನಿಟ್ಟು ತೂಗುತ್ತಾರೆ. ಅದಕ್ಕೇ ಮೆಡಿಕಲ್ ಕಾಲೇಜಿನ ನಾಲ್ಕನೇ ವರ್ಷದಲ್ಲಿ ಬೇರೆ ಊರಿನ ಆಸ್ಪತ್ರೆಗೆ 'ಅವೇ ರೊಟೇಶನ್' ಹೋಗುವುದು.

ಸೆಪ್ಟೆಂಬರ್ ಕೊನೆಗೆ ರೆಸಿಡೆನ್ಸಿ ಅರ್ಜಿ ಹೋಗುತ್ತದೆ. ಅಷ್ಟರೊಳಗೆ ಪತ್ರ ಕೈಸೇರಬೇಕು ಎಂದು ಜುಲೈ ತಿಂಗಳನ್ನೇ ಹಿಡಿದೆ. ವಸಂತದಲ್ಲೇ, ಬೇರೆ ಕಾಲೇಜಿನ ಆಸ್ಪತ್ರೆಯಲ್ಲಿ ಕಲಿಯಲು ಅರ್ಜಿ ಹಾಕುವ ವಿಎಸ್‌ಎಲ್‌ಒ ಪೋರ್ಟಲ್‌ನಲ್ಲಿ ಅರ್ಜಿ, ಲಸಿಕೆ ದಾಖಲೆ, ಟಿಬಿ ಪರೀಕ್ಷೆ. ಅಲ್ಲೊಂದು ಬಾಡಿಗೆ, ಇಲ್ಲೊಂದು ಬಾಡಿಗೆ. ದುಡ್ಡಿನ ವಿಷಯ ಬೇಡ ಬಿಡಿ.

ಮೊದಲ ವಾರವೇ ಎಡವಿದೆ. ಎದೆನೋವೆಂದು ಬಂದವರ ಕಥೆಯನ್ನು ಇಂಟರ್ನಲ್ ಮೆಡಿಸಿನ್‌ನಲ್ಲಿ ಕಲಿತ ಹಾಗೆ, ಅವರ ತಾತನ ಕಾಯಿಲೆಯನ್ನೂ ಬಿಡದೆ ಹೇಳುತ್ತಾ ಹೋದೆ. ಅಟೆಂಡಿಂಗ್, ಅಂದರೆ ಶಿಫ್ಟಿನ ಹೊಣೆ ಹೊತ್ತ ಹಿರಿಯ ವೈದ್ಯರು, ಕೈ ಎತ್ತಿ ನಿಲ್ಲಿಸಿದರು. "ಇಸಿಜಿ ಹೇಗಿದೆ?" ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಿರಬೇಕು. ಆಗಿಯೂ ಇತ್ತು. ನೋಡದೇ ಇದ್ದವಳು ನಾನು.

ಆಮೇಲೆ ಕ್ರಮ ಬದಲಿಸಿದೆ. ಮೊದಲು ಇಸಿಜಿ. ನಂತರ ಜೀವ ತೆಗೆಯುವಂಥದ್ದು ಏನಿರಬಹುದು: ಹೃದಯಾಘಾತವೇ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ, ಮಹಾಧಮನಿ ಸೀಳಿದೆಯೇ. ಕೊನೆಗೆ ನಾನೇನು ಮಾಡಬೇಕೆಂದಿದ್ದೇನೆ. ಎಲ್ಲಾ ಮೂರು ನಿಮಿಷದಲ್ಲಿ. ತಪ್ಪಾದರೂ ಪರವಾಗಿಲ್ಲ, ಒಂದು ನಿರ್ಧಾರ ಹೇಳಲೇಬೇಕು. "ನೀವು ಹೇಳಿದ ಹಾಗೆ" ಎಂದರೆ ಮುಗೀತು.

ಪುಸ್ತಕದ ಜ್ಞಾನ ಎಲ್ಲರಲ್ಲೂ ಇರುತ್ತದೆ. ಕಣ್ಣಿಗೆ ಬೀಳುವುದು ಬೇರೆಯೇ. ಎರಡನೇ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ಬಂತಾ ಎಂದು ಯಾರೂ ಕೇಳುವ ಮೊದಲೇ ನೋಡಿ ಹೇಳುತ್ತಿದ್ದೆ. ನೋವಿನ ಔಷಧಿ ಕೊಟ್ಟವರ ಹತ್ತಿರ ಅರ್ಧ ಗಂಟೆ ಬಿಟ್ಟು ಮತ್ತೆ ಹೋಗುತ್ತಿದ್ದೆ. ಪ್ರತಿ ಶಿಫ್ಟಿಗೂ ಬೇರೆ ಅಟೆಂಡಿಂಗ್, ಪ್ರತಿ ಸಲ ಹೊಸದಾಗಿ ಪರಿಚಯ. ಅದಕ್ಕೇ ಶಿಫ್ಟ್ ಮುಗಿದ ಮೇಲಲ್ಲ, ನಡುವೆಯೇ "ಏನು ತಿದ್ದಿಕೊಳ್ಳಲಿ?" ಎಂದು ಕೇಳುವುದನ್ನು ರೂಢಿಸಿಕೊಂಡೆ. ಒಬ್ಬರು, "ನೀನು ರೋಗಿಯ ಪಕ್ಕ ಕೂರುವುದೇ ಇಲ್ಲ" ಎಂದರು. ನಿಜ. ಅವತ್ತಿನಿಂದ ಸ್ಟೂಲ್ ಎಳೆದುಕೊಂಡು ಕೂತೆ.

ಆ ಪತ್ರದಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ. ಓದುವ ಹಕ್ಕು ಬೇಡವೆಂದು ಮೊದಲೇ ಸಹಿ ಹಾಕಿದ್ದೆ. ಅಕ್ಟೋಬರ್ ಕೊನೆಗೆ ಅಲ್ಲಿಂದ ಇಂಟರ್‌ವ್ಯೂಗೆ ಕರೆ ಬಂತು.